ಶಿಲಾಸ್ತರಗಳ ಕಾಲನಿರ್ಣಯ

ಬಂಡೆಗಳು ಯಾವ ಅನುಕ್ರಮದಲ್ಲಿ ಉಂಟಾದವು, ಎಷ್ಟು ವರ್ಷಗಳ ಹಿಂದೆ ಉಂಟಾದವು ಎಂಬುದನ್ನು ಗೊತ್ತುಪಡಿಸಿ ಆ ಮೂಲಕ ಭೂಮಿಯ ಚರಿತ್ರೆಯನ್ನು ಕಟ್ಟಿಕೊಡುವ ಭೂವಿಜ್ಞಾನದ ವಿಭಾಗ. ಅನುಕ್ರಮವನ್ನಷ್ಟೇ ಹೇಳಿದರೆ ಸಾಪೇಕ್ಷ ಕಾಲನಿರ್ಣಯ. ವರ್ಷಗಳ ಲೆಕ್ಕ ಕೊಟ್ಟರೆ ನಿರಪೇಕ್ಷ ಕಾಲನಿರ್ಣಯ. ಹಳ್ಳಿಯ ಹಿರಿಯರನ್ನು ವಯಸ್ಸು ಕೇಳಿದರೆ ಪ್ಲೇಗು ಬಂದು ಊರು ಬಿಟ್ಟ ವರ್ಷ ಹುಟ್ಟಿದ್ದು, ಅಣ್ಣನಿಗಿಂತ ಎರಡು ಮಳೆಗಾಲ ಚಿಕ್ಕವನು ಎಂದು ಹೇಳುತ್ತಿದ್ದ ಕಾಲವೊಂದಿತ್ತು. ಅದರಲ್ಲಿ ಇಸವಿ ಇರಲಿಲ್ಲ, ಆದರೆ ಯಾರು ಮೊದಲು ಯಾರು ಆಮೇಲೆ ಎಂಬುದರಲ್ಲಿ ತಪ್ಪಿರುತ್ತಿರಲಿಲ್ಲ. ಭೂವಿಜ್ಞಾನ ಎರಡು ಶತಮಾನಕ್ಕೂ ಹೆಚ್ಚು ಕಾಲ ಇದೇ ರೀತಿ ನಡೆಯಿತು. ಇಸವಿಯ ದಾಖಲೆ ಕೈಗೆ ಸಿಕ್ಕಿದ್ದು 20ನೆಯ ಶತಮಾನದಲ್ಲಿ, ವಿಕಿರಣಶೀಲತೆಯ ಶೋಧದ ನಂತರ. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಕೋಟಿಗಳ ಸಂಖ್ಯೆಯೇ. ಆದರೆ ಬಂಡೆಯ ಮುಂದೆ ನಿಂತು ಯಾವುದರ ಮೇಲೆ ಯಾವುದು ಕೂತಿದೆ, ಯಾವುದನ್ನು ಯಾವುದು ಸೀಳಿದೆ ಎಂದು ನೋಡದೆ ಆ ಸಂಖ್ಯೆಗೆ ಅರ್ಥ ಹಚ್ಚಲಾಗುವುದಿಲ್ಲ. ಇದಕ್ಕೆ ಕರ್ನಾಟಕದ ಬಂಡೆಗಳಷ್ಟು ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮೊದಲು ಯಾವುದು, ಆಮೇಲೆ ಯಾವುದು

ಅನುಕ್ರಮದ ನಿಯಮಗಳನ್ನು ಮೊದಲು ಬರೆದಿಟ್ಟವನು ನಿಕೊಲಸ್ ಸ್ಟೆನೊ. ಡೆನ್ಮಾರ್ಕಿನಲ್ಲಿ ಹುಟ್ಟಿ ಫ್ಲಾರೆನ್ಸಿನ ಅರಮನೆಯಲ್ಲಿ ಆಶ್ರಯ ಪಡೆದಿದ್ದ ವೈದ್ಯ. 1666ರಲ್ಲಿ ಮೀನುಗಾರರು ಹಿಡಿದ ದೊಡ್ಡ ಶಾರ್ಕಿನ ತಲೆಯನ್ನು ಕೊಯ್ದು ನೋಡುವ ಕೆಲಸ ಅವನ ಪಾಲಿಗೆ ಬಂತು. ಗುಡ್ಡಗಳ ಕಲ್ಲಿನಲ್ಲಿ ಸಿಗುತ್ತಿದ್ದ, ಜನ ನಾಲಿಗೆಕಲ್ಲು ಎಂದು ಕರೆಯುತ್ತಿದ್ದ ವಸ್ತುಗಳೂ ಶಾರ್ಕಿನ ಹಲ್ಲುಗಳೂ ಒಂದೇ ಎಂಬುದು ಅವನಿಗೆ ಹೊಳೆಯಿತು. ಹಲ್ಲು ಕಲ್ಲಿನೊಳಗೆ ಹೋಗಬೇಕಾದರೆ ಕಲ್ಲು ಒಂದು ಕಾಲಕ್ಕೆ ಕೆಸರಾಗಿರಬೇಕು. 1669ರಲ್ಲಿ ಹೊರತಂದ ಪುಟ್ಟ ಪುಸ್ತಕದಲ್ಲಿ ಅವನು ಹೇಳಿದ್ದಿಷ್ಟು: ನೀರಿನಲ್ಲಿ ತಳಕಚ್ಚಿದ ಪದರಗಳು ಮೊದಲಿಗೆ ಮಟ್ಟಸವಾಗಿರುತ್ತವೆ, ಅಡ್ಡಿಯಾಗುವ ತನಕ ಸುತ್ತಲೂ ಹರಡಿರುತ್ತವೆ, ಕೆಳಗಿನದು ಹಳೆಯದು, ಮೇಲಿನದು ಹೊಸದು. ಇಷ್ಟು ಸರಳವಾದ ಮಾತನ್ನು ಅದುವರೆಗೆ ಯಾರೂ ನಿಯಮವಾಗಿ ಬರೆದಿಟ್ಟಿರಲಿಲ್ಲ ಎಂಬುದೇ ಸೋಜಿಗ.

ಹಳೆಯ ಮನೆಯ ಗೋಡೆಯನ್ನು ಹೆರೆದು ನೋಡಿದವರಿಗೆ ಉಳಿದ ನಿಯಮಗಳನ್ನು ವಿವರಿಸಬೇಕಾಗಿಲ್ಲ. ಮೇಲೆ ಈಚಿನ ಡಿಸ್ಟೆಂಪರ್, ಅದರಡಿ ನೀಲಿ ಬೆರೆಸಿದ ಸುಣ್ಣ, ಅದರಡಿ ಕೆಮ್ಮಣ್ಣು. ಬಿರುಕೊಂದು ಕೆಮ್ಮಣ್ಣನ್ನೂ ನೀಲಿಯನ್ನೂ ಸೀಳಿ ಡಿಸ್ಟೆಂಪರಿನ ಕೆಳಗೆ ನಿಂತಿದ್ದರೆ, ಗೋಡೆ ಬಿರುಕು ಬಿಟ್ಟದ್ದು ನೀಲಿ ಬಳಿದ ಮೇಲೆ, ಡಿಸ್ಟೆಂಪರ್ ಬಳಿಯುವ ಮೊದಲು. ಬಂಡೆಗಳಲ್ಲಿಯೂ ಸೀಳಿದ್ದು ಸೀಳಿಸಿಕೊಂಡದ್ದಕ್ಕಿಂತ ಚಿಕ್ಕದು. ಬೆಂಗಳೂರಿನ ದಕ್ಷಿಣಕ್ಕೆ ಹಾರೋಹಳ್ಳಿಯ ಕಡೆ ಬೂದು ಬಣ್ಣದ, ಪಟ್ಟೆಪಟ್ಟೆಯಾದ ನೈಸ್ ಬಂಡೆಗಳ ನಡುವೆ ಕಪ್ಪು ಕಲ್ಲಿನ ಉದ್ದನೆಯ ಗೋಡೆಗಳು ಹಾದುಹೋಗಿವೆ. ಇವು ಡೈಕ್‌ಗಳು, ಎಂದರೆ ಬಿರುಕುಗಳಲ್ಲಿ ಕೆಳಗಿನಿಂದ ನುಗ್ಗಿ ಗಟ್ಟಿಯಾದ ಕರಗುಶಿಲೆ. ನೈಸ್ ಆಗಲೇ ಗಟ್ಟಿಯಾಗಿ ಬಿರಿದಿತ್ತು, ಕಪ್ಪು ಶಿಲೆ ಆಮೇಲೆ ಬಂತು ಎಂದು ಹೇಳಲು ಯಾವ ಉಪಕರಣವೂ ಬೇಕಿಲ್ಲ. ಈ ಡೈಕ್‌ಗಳ ಒಂದು ದೊಡ್ಡ ಗುಂಪಿನ ವಯಸ್ಸು ಸುಮಾರು 237 ಕೋಟಿ ವರ್ಷ ಎಂದು ಪ್ರಯೋಗಾಲಯ ಹೇಳಿದ್ದು ಬಹಳ ಈಚೆಗೆ.

ಇನ್ನೊಂದು ನಿಯಮ ಸೇರ್ಪಡೆಯದು. ಒಂದು ಬಂಡೆಯೊಳಗೆ ಇನ್ನೊಂದರ ಚೂರು ಸಿಕ್ಕಿಕೊಂಡಿದ್ದರೆ ಚೂರು ಹಳೆಯದು. ಕಡಲೆಬೀಜ ಮೊದಲು, ಚಿಕ್ಕಿ ಆಮೇಲೆ. ಇದು ಮುಂದೆ ದೊಡ್ಡ ತಗಾದೆಯೊಂದಕ್ಕೆ ಕಾರಣವಾಯಿತು, ಅಲ್ಲಿಗೆ ಆಮೇಲೆ ಬರೋಣ.

ಪದರಗಳ ನಡುವೆ ಕಾಲ ಎಲ್ಲ ಕಡೆಯೂ ಸಮವಾಗಿ ತುಂಬಿರುವುದಿಲ್ಲ. 1788ರಲ್ಲಿ ಜೇಮ್ಸ್ ಹಟನ್ ಎಂಬ ಸ್ಕಾಟ್ಲೆಂಡಿನ ಕೃಷಿಕ-ವೈದ್ಯ ತನ್ನ ಗೆಳೆಯರಾದ ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಜೊತೆ ದೋಣಿಯಲ್ಲಿ ಸಿಕ್ಕರ್ ಪಾಯಿಂಟ್ ಎಂಬ ಕಡಲತಡಿಗೆ ಹೋದ. ಅಲ್ಲಿ ಬೂದು ಬಣ್ಣದ ಪದರಗಳು ಕಪಾಟಿನಲ್ಲಿಟ್ಟ ಪುಸ್ತಕಗಳಂತೆ ನೆಟ್ಟಗೆ ನಿಂತಿದ್ದವು. ಅವುಗಳ ಸವೆದ ತಲೆಯ ಮೇಲೆ ಕೆಂಪು ಮರಳುಗಲ್ಲು ಹೆಚ್ಚುಕಡಿಮೆ ಮಲಗಿಕೊಂಡಿತ್ತು. ಕೆಳಗಿನ ಪದರ ಕಡಲ ತಳದಲ್ಲಿ ಕೂಡಬೇಕು, ಕಲ್ಲಾಗಬೇಕು, ಮಡಿಕೆ ಬಿದ್ದು ಎದ್ದು ನಿಲ್ಲಬೇಕು, ಮಳೆಗಾಳಿಗೆ ಸವೆಯಬೇಕು, ಅದರ ಮೇಲೆ ಮತ್ತೆ ಮರಳು ಕೂಡಬೇಕು. ಕೆಳಗಿನದಕ್ಕೆ ಸುಮಾರು 43 ಕೋಟಿ ವರ್ಷ, ಮೇಲಿನದಕ್ಕೆ ಸುಮಾರು 37 ಕೋಟಿ ಎಂದು ಇಂದು ಗೊತ್ತು. ಹಟನ್‌ಗೆ ಈ ಅಂಕಿಗಳು ಗೊತ್ತಿರಲಿಲ್ಲ. ಬೈಬಲಿನ ವಂಶಾವಳಿಯನ್ನು ಕೂಡಿಸಿ ಕ್ರಿಸ್ತಪೂರ್ವ 4004ರಲ್ಲಿ ಸೃಷ್ಟಿಯಾಯಿತು ಎಂದು ಪಾದ್ರಿ ಅಶರ್ ಹಾಕಿದ್ದ ಲೆಕ್ಕ ಈ ಕಲ್ಲಿಗೆ ಸಾಲದು ಎಂಬುದು ಮಾತ್ರ ಗೊತ್ತಾಯಿತು.

ಪದರಗಳ ನಡುವಿನ ಇಂಥ ಕಾಲದ ಕಂದರಕ್ಕೆ ಅನ್‌ಕನ್ಫರ್ಮಿಟಿ, ಅಸಂಗತಿ ಎಂದು ಹೆಸರು. ಅದನ್ನು ನೋಡಲು ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ. ತಿರುಪತಿಯಿಂದ ತಿರುಮಲೆಗೆ ಬಸ್ಸು ಹತ್ತುವ ಘಾಟಿ ರಸ್ತೆಯ ಪಕ್ಕದಲ್ಲೇ ಹಳೆಯ ಗ್ರಾನೈಟಿನ ಮೇಲೆ ಬೆಣಚುಕಲ್ಲಿನ ಪದರಗಳು ಕೂತಿರುವ ಗೆರೆ ಕಾಣಿಸುತ್ತದೆ. ಗೆರೆಯ ಆಚೀಚೆಯ ಬಂಡೆಗಳ ನಡುವೆ ಹತ್ತಾರು ಕೋಟಿ ವರ್ಷಗಳು ಬಿಟ್ಟುಹೋಗಿವೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಗೋವಿಂದನನ್ನು ಕೂಗುತ್ತ ಹೋಗುವವರಲ್ಲಿ ಅತ್ತ ಕಣ್ಣು ಹಾಯಿಸುವವರು ಕಡಿಮೆ. ಬಾಗಲಕೋಟೆ ಜಿಲ್ಲೆಯಲ್ಲಿಯೂ ಇಂಥದೊಂದು ಇದೆ. ಕಲಾದಗಿ ಶಿಲಾಸಮೂಹದ ಕೆಳಗಿನ ಭಾಗವಾದ ಬಾಗಲಕೋಟೆ ಗುಂಪಿನ ಪದರಗಳು ಮಡಿಕೆ ಬಿದ್ದಿವೆ. ಅವುಗಳ ಮೇಲಿನ ಬಾದಾಮಿ ಗುಂಪಿನ ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸವಾಗಿದೆ. ಚಾಲುಕ್ಯರ ಶಿಲ್ಪಿಗಳು ಗುಹೆ ಕೊರೆದದ್ದು ಈ ಮೇಲಿನ ಕಲ್ಲಿನಲ್ಲಿ.

ಮಡಿಕೆ ಬಿದ್ದ ಪದರ ಪೂರಾ ತಲೆಕೆಳಗಾಗಿರಲೂಬಹುದು. ಆಗ ಮೇಲಿನದು ಹೊಸದು ಎಂಬ ನಿಯಮ ಕೈಕೊಡುತ್ತದೆ. ಪದರ ಹುಟ್ಟಿದಾಗ ಆಕಾಶದ ಕಡೆಗಿದ್ದ ಮೈ ಯಾವುದು ಎಂಬುದಕ್ಕೆ ಕಲ್ಲಿನಲ್ಲೇ ಗುರುತು ಹುಡುಕಬೇಕು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ನೀರಿನಡಿ ಉಕ್ಕಿದ ಲಾವಾ ಥಟ್ಟನೆ ತಣಿದು ಹೀಗೆ ಉಂಡೆಗಟ್ಟುತ್ತದೆ. ಪ್ರತಿ ದಿಂಬಿನ ಮೇಲ್ಮೈ ಉಬ್ಬಿರುತ್ತದೆ. ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದ ತಳ ಚೂಪಾಗಿರುತ್ತದೆ. ಉಬ್ಬು ಯಾವ ಕಡೆಗೋ ಅದೇ ಅಂದಿನ ಮೇಲು. ಅಲೆಗೆರೆಗಳು, ಬಿಸಿಲಿಗೆ ಕೆರೆಯಂಗಳ ಬಿರಿದಂಥ ಬಿರುಕುಗಳು ಕೂಡ ಇದೇ ಕೆಲಸ ಮಾಡುತ್ತವೆ.

ಪಳೆಯುಳಿಕೆಗಳ ಸರದಿ

ಒಂದು ಊರಿನ ಪದರವನ್ನು ಇನ್ನೊಂದು ಊರಿನ ಪದರದೊಂದಿಗೆ ತಾಳೆ ಹಾಕುವುದು ಹೇಗೆ? ಮರಳುಗಲ್ಲು ಎಲ್ಲ ಕಾಲದಲ್ಲೂ ಮರಳುಗಲ್ಲೇ. ದಾರಿ ತೋರಿಸಿದವನು ವಿಲಿಯಂ ಸ್ಮಿತ್ ಎಂಬ ಇಂಗ್ಲೆಂಡಿನ ಕಾಲುವೆ ಮೋಜಣಿದಾರ. ಕಲ್ಲಿದ್ದಲು ಸಾಗಿಸುವ ಕಾಲುವೆಗಾಗಿ ನೆಲ ಅಗೆಸುತ್ತಿದ್ದಾಗ, ಒಂದೇ ತರಹ ಕಾಣುವ ಎರಡು ಪದರಗಳಲ್ಲಿ ಬೇರೆ ಬೇರೆ ಚಿಪ್ಪುಗಳು ಸಿಗುವುದನ್ನೂ ಅವುಗಳ ಸರದಿ ಎಲ್ಲೂ ಹಿಂದುಮುಂದಾಗದಿರುವುದನ್ನೂ ಅವನು ಗಮನಿಸಿದ. 1815ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂವೈಜ್ಞಾನಿಕ ನಕ್ಷೆಯನ್ನು ಹೊರತಂದ. ಪ್ಯಾರಿಸ್ ಸುತ್ತಮುತ್ತ ಕುವಿಯೆ ಮತ್ತು ಬ್ರೊನ್ಯಾರ್ ಕೂಡ ಅದೇ ಕಾಲದಲ್ಲಿ ಇದೇ ನಿರ್ಣಯಕ್ಕೆ ಬಂದಿದ್ದರು. ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ. ಎಂದರೆ ಪಳೆಯುಳಿಕೆಗಳ ಸರದಿ ವಿಕಾಸವಾದದ ಮೇಲೆ ನಿಂತದ್ದಲ್ಲ, ಅದಕ್ಕಿಂತ ಮುಂಚೆಯೇ ಕಣ್ಣಿಗೆ ಕಂಡದ್ದು.

ಕಾಲಸೂಚಕವಾಗಿ ಎಲ್ಲ ಜೀವಿಗಳೂ ಉಪಯೋಗಕ್ಕೆ ಬರುವುದಿಲ್ಲ. ಬೇಗ ಬೇಗ ರೂಪ ಬದಲಿಸಿ, ಎಲ್ಲ ಕಡಲುಗಳಲ್ಲೂ ಹರಡಿ, ಬೇಗ ಅಳಿದವೇ ಬೇಕು. ಜುರಾಸಿಕ್ ಮತ್ತು ಕ್ರಿಟೇಶಿಯಸ್ ಯುಗಗಳಿಗೆ ಅಮೊನೈಟ್‌ಗಳು ಹೀಗೆ ಒದಗಿದವು. ಸುರುಳಿ ಚಿಪ್ಪಿನ ಈ ಕಡಲಜೀವಿಯನ್ನು ಕನ್ನಡದ ಎಷ್ಟೋ ಮನೆಗಳವರು ದಿನವೂ ನೀರೆರೆದು ಪೂಜಿಸುತ್ತಾರೆ. ಗಂಡಕಿ ನದಿಯಿಂದ ಬರುವ ಸಾಲಿಗ್ರಾಮದೊಳಗಿನ ಚಕ್ರ ಅಮೊನೈಟಿನ ಅಚ್ಚು. ಹಿಮಾಲಯ ಏಳುವ ಮೊದಲು ಅಲ್ಲಿ ಕಡಲಿತ್ತು ಎಂಬುದಕ್ಕೆ ದೇವರಮನೆಯಲ್ಲಿರುವ ಸಾಕ್ಷಿ ಅದು.

ಹೀಗೆ 19ನೆಯ ಶತಮಾನ ಮುಗಿಯುವ ಹೊತ್ತಿಗೆ ಕೇಂಬ್ರಿಯನ್‌ನಿಂದ ಈಚಿನ ಯುಗಗಳ ಪಟ್ಟಿ ಬಹುಮಟ್ಟಿಗೆ ಸಿದ್ಧವಾಗಿತ್ತು. ಹಲವು ಹೆಸರುಗಳು ಕೆಲಸ ನಡೆದ ಸೀಮೆಗಳವು: ಡೆವನ್‌ನಿಂದ ಡೆವೋನಿಯನ್, ರಷ್ಯದ ಪೆರ್ಮ್‌ನಿಂದ ಪೆರ್ಮಿಯನ್, ಜುರಾ ಪರ್ವತದಿಂದ ಜುರಾಸಿಕ್. ಕೇಂಬ್ರಿಯನ್‌ಗಿಂತ ಹಿಂದಿನದೆಲ್ಲ, ಎಂದರೆ ಭೂಮಿಯ ಆಯುಷ್ಯದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು, ಕೈಗೆ ಎಟುಕದೆ ಉಳಿಯಿತು. ಅದರಲ್ಲಿ ಕಣ್ಣಿಗೆ ಕಾಣುವ ಚಿಪ್ಪುಗಳಿಲ್ಲ. ಕರ್ನಾಟಕದ ಬಹುಪಾಲು ಬಂಡೆ ಈ ಕಾಲದ್ದು.

ವರ್ಷಗಳ ಲೆಕ್ಕ

ಭೂಮಿಗೆ ಎಷ್ಟು ವರ್ಷ ಎಂಬ ಪ್ರಶ್ನೆಗೆ ಭೌತವಿಜ್ಞಾನಿ ಕೆಲ್ವಿನ್ 1862ರಲ್ಲಿ ಉತ್ತರ ಕೊಟ್ಟ. ಕಾದ ಗೋಳವೊಂದು ಈಗಿನ ಮಟ್ಟಿಗೆ ತಣಿಯಲು 2 ಕೋಟಿಯಿಂದ 40 ಕೋಟಿ ವರ್ಷ ಬೇಕು ಎಂದ. ಕೊನೆಕೊನೆಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದ. ಐರ್ಲೆಂಡಿನ ಜಾನ್ ಜೋಲಿ 1899ರಲ್ಲಿ ಕಡಲಿನಲ್ಲಿರುವ ಉಪ್ಪನ್ನು ನದಿಗಳು ವರ್ಷಕ್ಕೆ ಒಯ್ಯುವ ಉಪ್ಪಿನಿಂದ ಭಾಗಿಸಿ 8ರಿಂದ 9 ಕೋಟಿ ಎಂದ. ಪದರಗಳ ದಪ್ಪ ನೋಡಿದ್ದ ಭೂವಿಜ್ಞಾನಿಗಳಿಗೆ ಇದು ಸಾಲದೆಂದು ಒಳಗೊಳಗೇ ಅನ್ನಿಸುತ್ತಿತ್ತು. ಕೆಲ್ವಿನ್‌ನ ಗಣಿತದ ಎದುರು ಬಾಯಿ ಬರಲಿಲ್ಲ. ಹಿಂದೆ ಅವನ ಸಹಾಯಕನೇ ಆಗಿದ್ದ ಜಾನ್ ಪೆರಿ 1895ರಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಿದ: ಭೂಮಿಯ ಒಡಲು ಗಟ್ಟಿ ಕಲ್ಲಿನಂತೆ ತಣಿಯುವುದಿಲ್ಲ, ಅದರೊಳಗೆ ಶಾಖ ಹೊತ್ತು ಮೆಲ್ಲಗೆ ಮಗುಚುವ ಚಲನೆ ಇರಬಹುದು. ಹೆಚ್ಚಿನವರು ಕಿವಿಗೊಡಲಿಲ್ಲ.

ಕನ್ನಡ ಓದುಗರು ಇಲ್ಲಿ ಕಲ್ಪದ ಲೆಕ್ಕವನ್ನು ನೆನೆಯುವುದುಂಟು. ಕಲ್ಪವೆಂದರೆ ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ. ಇಂದು ಒಪ್ಪಿರುವ ಭೂಮಿಯ ವಯಸ್ಸು ಸುಮಾರು 454 ಕೋಟಿ. ಹತ್ತಿರದ ಅಂಕಿಗಳು, ನಿಜ. ಆದರೆ ಕಲ್ಪದ ಸಂಖ್ಯೆ ಬಂದದ್ದು ಯುಗಗಳ ಗುಣಾಕಾರದಿಂದ, ಕಲ್ಲಿನಿಂದಲ್ಲ. ಕಾಕತಾಳೀಯ ಎನ್ನುವುದಕ್ಕಿಂತ ಹೆಚ್ಚಿನ ಬೆಲೆ ಅದಕ್ಕೆ ಕಟ್ಟಲಾಗದು. ಕೋಟಿಗಟ್ಟಲೆ ವರ್ಷಗಳನ್ನು ಕೇಳಿ ಬೆಚ್ಚದ ಮನಸ್ಸು ನಮ್ಮದಾಗಿತ್ತು ಎಂಬುದಷ್ಟೇ ಅದರಿಂದ ಗೊತ್ತಾಗುವುದು.

1896ರಲ್ಲಿ ಬೆಕ್ವೆರೆಲ್ ವಿಕಿರಣಶೀಲತೆಯನ್ನು ಕಂಡ. ಯುರೇನಿಯಂ ಪರಮಾಣು ತಾನಾಗಿಯೇ ಒಡೆಯುತ್ತ ಹಲವು ಹಂತ ದಾಟಿ ಸೀಸವಾಗಿ ನಿಲ್ಲುತ್ತದೆ. ಒಡೆಯುವ ವೇಗ ಬಿಸಿಗೂ ಒತ್ತಡಕ್ಕೂ ಜಗ್ಗುವುದಿಲ್ಲ. ಯುರೇನಿಯಂ-238ರಲ್ಲಿ ಅರ್ಧ ಭಾಗ ಸೀಸವಾಗಲು 447 ಕೋಟಿ ವರ್ಷ, ಉಳಿದದ್ದರಲ್ಲಿ ಅರ್ಧಕ್ಕೆ ಮತ್ತೆ ಅಷ್ಟೇ. ಅದರ ಸೋದರ ಯುರೇನಿಯಂ-235ಕ್ಕೆ ಈ ಅರ್ಧಾಯು 70 ಕೋಟಿ. ಅಮೆರಿಕದ ಬೋಲ್ಟ್‌ವುಡ್ 1907ರಲ್ಲಿ ಖನಿಜಗಳಲ್ಲಿನ ಯುರೇನಿಯಂ ಮತ್ತು ಸೀಸವನ್ನು ಅಳೆದು 41 ಕೋಟಿಯಿಂದ 220 ಕೋಟಿ ವರ್ಷಗಳವರೆಗಿನ ವಯಸ್ಸು ಪ್ರಕಟಿಸಿದ. 1911ರಲ್ಲಿ ಲಂಡನ್ನಿನ ಇಪ್ಪತ್ತೊಂದು ವರ್ಷದ ಆರ್ಥರ್ ಹೋಮ್ಸ್ ನಾರ್ವೆಯ ಡೆವೋನಿಯನ್ ಶಿಲೆಯೊಂದಕ್ಕೆ 37 ಕೋಟಿ ವರ್ಷ ಎಂದ. ಅಣ್ಣತಮ್ಮಂದಿರ ಪಟ್ಟಿಯಲ್ಲಿ ಇದ್ದ ಹೆಸರೊಂದಕ್ಕೆ ಇಸವಿ ಹಚ್ಚುವ ಕೆಲಸ ಹೀಗೆ ಶುರುವಾಯಿತು.

ಭೂಮಿಯ ಒಟ್ಟು ವಯಸ್ಸು ಸಿಕ್ಕಿದ್ದು 1956ರಲ್ಲಿ, ಭೂಮಿಯ ಕಲ್ಲಿನಿಂದಲ್ಲ, ಉಲ್ಕಾಶಿಲೆಗಳಿಂದ. ಕ್ಲೇರ್ ಪ್ಯಾಟರ್ಸನ್ ಅವುಗಳ ಸೀಸವನ್ನು ಅಳೆದು 455 ಕೋಟಿ, ಏಳು ಕೋಟಿ ಹೆಚ್ಚುಕಮ್ಮಿ ಎಂದರು. ಅಳೆಯುವಾಗ ಪ್ರಯೋಗಾಲಯದ ಗಾಳಿ, ಧೂಳು, ಗಾಜು ಎಲ್ಲದರಲ್ಲೂ ಸೀಸ ಇದ್ದು ಲೆಕ್ಕ ಕೆಡಿಸುತ್ತಿತ್ತು. ಅದು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದ ಅವರು ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ದಶಕಗಳ ಕಾಲ ಹೋರಾಡಿದರು.

ಒಂದು ಹರಳಿನೊಳಗೆ

ಹಿಂದೆ ಮದುವೆ ಮುಹೂರ್ತ ಅಳೆಯಲು ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, 24 ನಿಮಿಷ. ಲೆಕ್ಕ ಸರಿಬರಬೇಕಾದರೆ ಬಟ್ಟಲು ಶುರುವಿಗೆ ಬರಿದಾಗಿರಬೇಕು, ಯಾರೂ ನಡುವೆ ನೀರು ಸುರಿಯಬಾರದು, ಚೆಲ್ಲಬಾರದು. ಬಂಡೆಯ ಗಡಿಯಾರಕ್ಕೂ ಷರತ್ತುಗಳು ಇವೇ. ಪರಮಾಣು ಒಡೆಯುವ ಬಗೆ ಬಟ್ಟಲು ತುಂಬಿದಷ್ಟು ನೇರ ಅಲ್ಲ ಎಂಬುದೊಂದು ವ್ಯತ್ಯಾಸ.

ಈ ಷರತ್ತುಗಳನ್ನು ಅತ್ಯಂತ ಚೆನ್ನಾಗಿ ಪಾಲಿಸುವ ಖನಿಜ ಜಿರ್ಕಾನ್. ಕರಗುಶಿಲೆಯಲ್ಲಿ ಹರಳುಗಟ್ಟುವಾಗ ಅದು ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸವನ್ನು ಹೊರಗಿಡುತ್ತದೆ. ಹಾಗಾಗಿ ಒಳಗಿರುವ ಸೀಸವೆಲ್ಲ ಆಮೇಲೆ ಅಲ್ಲೇ ಹುಟ್ಟಿದ್ದು. ಜಿರ್ಕಾನ್ ಗಟ್ಟಿ, ನೀರಿಗೆ ಕರಗದು, ಬೇಗ ಸವೆಯದು.

ಬಂಡೆಯಿಂದ ಅದನ್ನು ಬಿಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸುವುದರ ತಿರುವುಮುರುವು ಕೆಲಸ. ಕೆಲವು ಕಿಲೊ ನೈಸ್ ಕಲ್ಲನ್ನು ಸುತ್ತಿಗೆಯಲ್ಲಿ ಒಡೆದು, ಯಂತ್ರಕ್ಕೆ ಹಾಕಿ ರವೆಯಂತೆ ನುರಿಸುತ್ತಾರೆ. ಚಿನ್ನ ಜಾಲಿಸುವವರಂತೆ ನೀರಿನಲ್ಲಿ ಜಾಲಿಸಿದರೆ ಬೆಣಚೂ ಫೆಲ್ಡ್‌ಸ್ಪಾರೂ ತೇಲಿಹೋಗಿ ಭಾರದ ಪುಡಿ ಉಳಿಯುತ್ತದೆ. ಅಯಸ್ಕಾಂತ ಹಿಡಿದು ಕಬ್ಬಿಣದ ಖನಿಜಗಳನ್ನು ತೆಗೆಯುತ್ತಾರೆ. ಸಾಂದ್ರ ದ್ರವದಲ್ಲಿ ಮುಳುಗಿಸಿ ಮತ್ತೊಮ್ಮೆ ಬೇರ್ಪಡಿಸುತ್ತಾರೆ. ಕೊನೆಗೆ ಉಳಿಯುವುದು ಒಂದು ಚಿಟಿಕೆ. ಸೂಕ್ಷ್ಮದರ್ಶಕದಡಿ ಅದರಲ್ಲಿ ಸಾಸಿವೆಗಿಂತ ಎಷ್ಟೋ ಪಾಲು ಚಿಕ್ಕದಾದ, ತುದಿ ಚೂಪಾದ ಹರಳುಗಳು ಕಾಣುತ್ತವೆ. ಸೂಜಿಯ ತುದಿಯಿಂದ ಒಂದೊಂದನ್ನೇ ಸಾಲಾಗಿ ಜೋಡಿಸಿ, ಅಂಟಿನಲ್ಲಿ ಕೂರಿಸಿ, ಅರ್ಧ ಹೊಟ್ಟೆ ಕಾಣುವಂತೆ ಉಜ್ಜುತ್ತಾರೆ. ಎಲೆಕ್ಟ್ರಾನ್ ಕಿರಣ ಬಿಟ್ಟರೆ ಒಳಗೆ ಈರುಳ್ಳಿ ಕೊಯ್ದಂತೆ ಸುತ್ತುಗಳು ಬೆಳಗುತ್ತವೆ. ನಡುವಿನ ತಿರುಳು ಒಂದು ಕಾಲದ್ದು, ಹೊರಗಿನ ಸುತ್ತು ಬಂಡೆ ಮತ್ತೆ ಕಾದಾಗ ಬೆಳೆದದ್ದು ಇರಬಹುದು. ಕೂದಲೆಳೆಗಿಂತ ಸಣ್ಣ ಚುಕ್ಕೆಯನ್ನು ಲೇಸರಿನಿಂದಲೋ ಅಯಾನು ಕಿರಣದಿಂದಲೋ ಕೆತ್ತಿ, ಎದ್ದ ಪರಮಾಣುಗಳನ್ನು ಮಾಸ್ ಸ್ಪೆಕ್ಟ್ರೊಮೀಟರಿಗೆ ಕಳಿಸಿದರೆ ಯುರೇನಿಯಂ ಮತ್ತು ಸೀಸದ ಪ್ರಮಾಣ ತಿಳಿಯುತ್ತದೆ.

ಒಂದೇ ಹರಳಿನಲ್ಲಿ ಎರಡು ಗಡಿಯಾರ ಇರುವುದು ಈ ವಿಧಾನದ ದೊಡ್ಡ ಬಲ. 238 ಮತ್ತು 235 ಬೇರೆ ಬೇರೆ ವೇಗದಲ್ಲಿ ಬೇರೆ ಬೇರೆ ಸೀಸವಾಗುತ್ತವೆ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ನಡುವೆ ಸೀಸ ಸೋರಿದ್ದರೆ ಎರಡರ ಮಾತೂ ತಾಳೆಯಾಗುವುದಿಲ್ಲ, ಕಳ್ಳತನ ಅಲ್ಲೇ ಬಯಲಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನ ಒಂದು ಜಿರ್ಕಾನ್ ಹರಳಿಗೆ ಸುಮಾರು 440 ಕೋಟಿ ವರ್ಷ. ಸಿಕ್ಕಿರುವವುಗಳಲ್ಲಿ ಭೂಮಿಯದೇ ಆದ ಅತಿ ಹಳೆಯ ಚೂರು ಅದು. ಆದರೆ ಅದು ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನ ಉರುಟುಗಲ್ಲಿನ ಪದರದಲ್ಲಿ. ಮೂಲ ಬಂಡೆ ಸವೆದು ಹೋಗಿ ಹರಳು ಮಾತ್ರ ಉಳಿದಿದೆ. ಮರಳುಗಲ್ಲಿನ ಜಿರ್ಕಾನನ್ನು ಅಳೆದರೆ ಸಿಗುವುದು ಮರಳಿನ ತಾಯಿಬಂಡೆಯ ವಯಸ್ಸು, ಮರಳುಗಲ್ಲಿನದಲ್ಲ.

ಬೇರೆ ಗಡಿಯಾರಗಳಿಗೆ ಅವವುಗಳ ಸ್ವಭಾವವಿದೆ. ಪೊಟ್ಯಾಸಿಯಂ-40ರ ಅರ್ಧಾಯು 125 ಕೋಟಿ ವರ್ಷ, ಒಡೆದದ್ದರಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಲಾವಾ ಕುದಿಯುವಾಗ ಹಳೆಯ ಆರ್ಗಾನ್ ಹಾರಿಹೋಗುವುದರಿಂದ ಬಟ್ಟಲು ಬರಿದಾಗಿ ಶುರುವಾಗುತ್ತದೆ, ಆದರೆ ಕಲ್ಲು ಹಳಸಿದರೆ ಸೋರುತ್ತದೆ. ಅಭ್ರಕ ಹೇಳುವುದು ಅದು ಸುಮಾರು 300 ಡಿಗ್ರಿಗೆ ತಣಿದ ಕಾಲವನ್ನು, ಹುಟ್ಟಿದ ಕಾಲವನ್ನಲ್ಲ. ರುಬಿಡಿಯಂ-ಸ್ಟ್ರಾನ್ಷಿಯಂ ಜೋಡಿ ತೀರ ಹಳೆಯ ಬಂಡೆಗಳಿಗೆ ದಶಕಗಳ ಕಾಲ ಆಧಾರವಾಗಿತ್ತು. ಕಾರ್ಬನ್-14ರ ಹೆಸರು ಎಲ್ಲರಿಗೂ ಗೊತ್ತು, ಬಂಡೆಗಳ ವಿಷಯದಲ್ಲಿ ಅದರಿಂದ ಉಪಯೋಗವಿಲ್ಲ. ಅರ್ಧಾಯು 5,730 ವರ್ಷ. ಐವತ್ತು ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಉಳಿದಿರುವುದಿಲ್ಲ. ಇದ್ದಿಲು, ಮೂಳೆ, ಮರಕ್ಕೆ ಅದು ಸರಿ. ಡೈನೋಸಾರಿನ ವಯಸ್ಸನ್ನು ಕಾರ್ಬನ್ನಿನಿಂದ ಕಂಡುಹಿಡಿದರು ಎಂದು ಬರೆಯುವವರು ಮಾತ್ರ ಇನ್ನೂ ಇದ್ದಾರೆ.

ಧಾರವಾಡ ಮೊದಲೋ, ನೈಸ್ ಮೊದಲೋ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಪೆನಿನ್ಸುಲರ್ ನೈಸ್. ಬೆಳಗಿನ ವಾಯುವಿಹಾರಿಗಳು ಹತ್ತಿಳಿಯುವ ಈ ಕಲ್ಲಿನ ಮೇಲೆ ಬಗ್ಗಿ ನೋಡಿದರೆ ಬೂದು ಮತ್ತು ಬಿಳಿ ಪಟ್ಟೆಗಳು ಹಿಂಡಿದ ಸೀರೆಯಂತೆ ನುಲಿದುಕೊಂಡಿರುವುದು ಕಾಣುತ್ತದೆ. ಸುಮಾರು 300 ಕೋಟಿ ವರ್ಷದ್ದು. ಹಳೆಯ ಮೈಸೂರು ಸೀಮೆಯ ಬಹುಭಾಗದ ಅಡಿಗಲ್ಲು ಇದೇ. ಇದರ ನಡುವೆ ಉತ್ತರ-ದಕ್ಷಿಣವಾಗಿ ಪಟ್ಟಿಪಟ್ಟಿಯಾಗಿ ಹಸಿರುಗಪ್ಪು ಶಿಸ್ಟ್ ಶಿಲೆಗಳಿವೆ. ಕೋಲಾರದ ಚಿನ್ನ, ಬಾಬಾಬುಡನ್ ಮತ್ತು ಸಂಡೂರಿನ ಕಬ್ಬಿಣ ಈ ಪಟ್ಟಿಗಳಲ್ಲೇ ಇರುವುದು. ಅವುಗಳಿಗೆ 1880ರ ದಶಕದಲ್ಲಿ ಧಾರವಾಡ ಶಿಲೆಗಳೆಂದು ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರಂ ಬಳಿ ಶಿಲಾಯುಗದ ಕೈಗೊಡಲಿ ಹುಡುಕಿದವರೂ ಅವರೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು.

ಫೂಟ್ ಅಭಿಪ್ರಾಯದಲ್ಲಿ ಧಾರವಾಡ ಶಿಲೆಗಳು ನೈಸ್‌ನ ಮೇಲೆ ಕೂತವು, ಎಂದರೆ ನೈಸ್‌ಗಿಂತ ಚಿಕ್ಕವು. ಅವರ ನಂತರ ಇಲಾಖೆ ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಮತ್ತು ಸಂಗಡಿಗರು ಇದನ್ನು ತಿರುಗಿಸಿ ಹಾಕಿದರು. ನೈಸ್‌ನೊಳಗೆ ಶಿಸ್ಟಿನ ತುಂಡುಗಳು ಸಿಕ್ಕಿಬಿದ್ದಿರುವುದನ್ನು ಅವರು ಎಷ್ಟೋ ಕಡೆ ಕಂಡಿದ್ದರು. ಚೂರು ಹಳೆಯದು, ಸುತ್ತಲಿನದು ಹೊಸದು: ಹಾಗಾದರೆ ಧಾರವಾಡವೇ ಎಲ್ಲಕ್ಕಿಂತ ಹಿರಿಯದು, ನೈಸ್ ಆಮೇಲೆ ಕರಗಿ ಒಳನುಗ್ಗಿದ್ದು. ಎದುರುವಾದಿಗಳಿಗೂ ಅದೇ ನಿಯಮ ನೆರವಿಗೆ ಬಂತು. ತರೀಕೆರೆ ಕಡೆಯ ಕಲ್ದುರ್ಗದ ಉರುಟುಗಲ್ಲಿನ ಪದರ ಧಾರವಾಡದ್ದು, ಅದರೊಳಗಿನ ಗುಂಡುಗಳು ಗ್ರಾನೈಟ್ ಮತ್ತು ನೈಸ್‌ನವು. ಚಿಕ್ಕಮಗಳೂರಿನ ಪಕ್ಕದ ಕರ್ತಿಕೆರೆಯಲ್ಲಿ ಬಾಬಾಬುಡನ್ ಶ್ರೇಣಿಯ ತಳದಲ್ಲೇ ಬೆಣಚಿನ ಉರುಟುಗಲ್ಲುಗಳಿವೆ. ಅಷ್ಟು ಬೆಣಚು ಬರಬೇಕಾದರೆ ಮೊದಲೇ ಒಂದು ಹಳೆಯ ನೆಲ ಸವೆಯುತ್ತಿರಬೇಕು. ಅವು ಹೊಳೆಯಲ್ಲಿ ಉರುಳಿದ ಗುಂಡುಗಳೇ ಅಲ್ಲ, ಒತ್ತಡಕ್ಕೆ ನುರಿದ ಬಂಡೆಯ ತುಣುಕುಗಳು ಎಂಬ ಉತ್ತರವೂ ಬಂತು. ಪಳೆಯುಳಿಕೆಗಳಿದ್ದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿದ್ದ ಜಗಳ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ಇಬ್ಬರು ನೋಡಿದ್ದೂ ಸುಳ್ಳಲ್ಲ. ಎರಡು ಬೇರೆ ಬೇರೆ ಕಾಲದ ಶಿಸ್ಟ್‌ಗಳನ್ನು ಒಂದೇ ಹೆಸರಿನಲ್ಲಿ ಸೇರಿಸಿದ್ದರಿಂದ ತೊಡಕಾಗಿತ್ತು. 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸ್ವಾಮಿನಾಥ್, ರಾಮಕೃಷ್ಣನ್ ಮತ್ತು ವಿಶ್ವನಾಥ ಹಳೆಯ ಗುಂಪನ್ನು ಬೇರ್ಪಡಿಸಿ, ಮೈಸೂರು ಜಿಲ್ಲೆಯ ಸರಗೂರಿನ ಹೆಸರಿನಿಂದ ಸರಗೂರು ಗುಂಪು ಎಂದು ಕರೆದರು. ನೈಸ್‌ನೊಳಗೆ ಸಿಕ್ಕಿಬಿದ್ದ ತುಂಡುಗಳು ಅದರವು. ನೈಸ್‌ನ ಮೇಲೆ ಕೂತಿರುವುದು ನಿಜವಾದ ಧಾರವಾಡ. ಆಮೇಲೆ ಬಂದ ವಯಸ್ಸಿನ ಅಂಕಿಗಳು ಈ ಏರ್ಪಾಟಿಗೆ ಹೊಂದಿಕೊಂಡವು. ಹಾಸನ ಜಿಲ್ಲೆಯ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷದ್ದು. ಧಾರವಾಡದ ಪದರಗಳು ಹರಡಿಕೊಂಡದ್ದು ಸುಮಾರು 290ರಿಂದ 255 ಕೋಟಿ ವರ್ಷಗಳ ನಡುವೆ. ಎಲ್ಲವನ್ನೂ ಸೀಳಿಕೊಂಡು ರಾಮನಗರದಿಂದ ಬಳ್ಳಾರಿಯ ಕಡೆಗೆ ಸಾಗಿರುವ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 252 ಕೋಟಿಯದು. ಈ ಗ್ರಾನೈಟನ್ನು ವಿವರವಾಗಿ ಅಭ್ಯಾಸ ಮಾಡಿದವರು ಬಿ. ಪಿ. ರಾಧಾಕೃಷ್ಣ. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘದ ಹಿಂದಿನ ಶಕ್ತಿಯೂ ಅವರೇ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಊರು ಹೆಸರು ಬದಲಿಸಿಕೊಂಡರೂ ಕಲ್ಲು ಬದಲಿಸಿಕೊಂಡಿಲ್ಲ.

ಪದರಗಳಿಂದ ಚರಿತ್ರೆಗೆ

ಪಳೆಯುಳಿಕೆ ಇರುವ ಪದರಗಳಲ್ಲಿ ಅಳೆಯಬಲ್ಲ ಹರಳು ಸಾಮಾನ್ಯವಾಗಿ ಸಿಗುವುದಿಲ್ಲ. ಹರಳು ಸಿಗುವ ಗ್ರಾನೈಟಿನಲ್ಲಿ ಪಳೆಯುಳಿಕೆ ಇರುವುದಿಲ್ಲ. ಇವೆರಡನ್ನು ಕೂಡಿಸುವುದು ಜ್ವಾಲಾಮುಖಿಯ ಬೂದಿ. ಕಡಲ ಕೆಸರಿನ ಎರಡು ಪದರಗಳ ನಡುವೆ ಬಿದ್ದ ಬೆರಳು ದಪ್ಪದ ಬೂದಿಯಲ್ಲಿ ಆಗಷ್ಟೇ ಹುಟ್ಟಿದ ಜಿರ್ಕಾನ್ ಇರುತ್ತದೆ. ಚೀನದ ಮೇಯ್ಶಾನ್‌ನಲ್ಲಿ ಇಂಥ ಬೂದಿಯನ್ನು ಅಳೆದು, ಕಡಲಜೀವಿಗಳ ಬಹುಪಾಲನ್ನು ಅಳಿಸಿದ ಪೆರ್ಮಿಯನ್ ಅಂತ್ಯದ ವಿನಾಶಕ್ಕೆ 25.19 ಕೋಟಿ ವರ್ಷ ಎಂದು ಗೊತ್ತುಮಾಡಿದ್ದಾರೆ.

ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗಿವೆ, ಕೊನೆಯ ಬಾರಿ ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ತಣಿಯುವ ಲಾವಾ ಅಂದಿನ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಲುಬದಲಿನ ಪಟ್ಟಿ ಇಡೀ ಭೂಮಿಗೆ ಒಂದೇ ಆದ್ದರಿಂದ ದೂರದೂರದ ಪದರಗಳನ್ನು ತಾಳೆ ಹಾಕಲು ಒದಗುತ್ತದೆ. ಭೂಮಿಯ ಕಕ್ಷೆ 4.05 ಲಕ್ಷ ವರ್ಷಕ್ಕೊಮ್ಮೆ ಆಕಾರ ಬದಲಿಸುವ ಲಯವೂ ಕಡಲ ತಳದ ಪದರಗಳಲ್ಲಿ ಅಚ್ಚೊತ್ತಿದೆ. ಇವುಗಳಲ್ಲೆಲ್ಲ ಮುದ್ದಾದದ್ದು ಜಾನ್ ವೆಲ್ಸ್ 1963ರಲ್ಲಿ ಮಾಡಿದ ಎಣಿಕೆ. ಡೆವೋನಿಯನ್ ಯುಗದ ಹವಳಗಳ ಮೈಮೇಲಿನ ದಿನಗೆರೆಗಳನ್ನು ಎಣಿಸಿದಾಗ ಒಂದು ವರ್ಷಕ್ಕೆ ಸುಮಾರು 400 ಬಂದವು. ಅಂದು ಭೂಮಿ ಬೇಗ ತಿರುಗುತ್ತಿತ್ತು, ದಿನ ಚಿಕ್ಕದಾಗಿತ್ತು. ಚಂದ್ರನ ಸೆಳೆತದಿಂದ ಉಂಟಾಗುವ ಉಬ್ಬರವಿಳಿತ ಅದನ್ನು ನಿಧಾನಿಸುತ್ತ ಬಂದಿದೆ ಎಂದು ಖಗೋಳವಿಜ್ಞಾನ ಹೇಳುತ್ತಿದ್ದದ್ದಕ್ಕೆ ಹವಳ ಸಾಕ್ಷಿ ನುಡಿಯಿತು.

ವಯಸ್ಸು ತಿಳಿದ ಮೇಲೆ ಪದರ ಹುಟ್ಟಿದ ಸನ್ನಿವೇಶವನ್ನು ಓದಬೇಕು. ಬಾದಾಮಿಯ ಗುಹೆಗಳ ಗೋಡೆಯಲ್ಲಿ ಶಿಲ್ಪಗಳ ಹಿಂದೆ ಓರೆಯಾದ ಸಣ್ಣ ಗೆರೆಗಳು ಕಾಣುತ್ತವೆ. ಹರಿಯುವ ನೀರು ಮರಳದಿಬ್ಬಗಳನ್ನು ಮುಂದಕ್ಕೆ ತಳ್ಳಿದಾಗ ಬಿದ್ದ ಗೆರೆಗಳು ಅವು. ಓರೆ ಇಳಿಯುವ ದಿಕ್ಕೇ ಅಂದಿನ ಹರಿವಿನ ದಿಕ್ಕು. ಕರ್ತಿಕೆರೆಯ ಉರುಟುಗಲ್ಲುಗಳ ನಡುವೆ ಹೊಳೆಯಲ್ಲಿ ಉರುಳಿ ದುಂಡಗಾದ ಪೈರೈಟ್ ಮತ್ತು ಯುರೇನಿಯಂ ಖನಿಜದ ಕಣಗಳಿವೆ. ಇಂದಿನ ಗಾಳಿಯಲ್ಲಿ ಅವು ತುಕ್ಕು ಹಿಡಿದು ಕರಗಿಹೋಗುತ್ತವೆ. ಅಂದಿನ ವಾತಾವರಣದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲಿಲ್ಲ ಎನ್ನಲು ಇದು ಒಳ್ಳೆಯ ಆಧಾರ. ಗಾಳಿಗೆ ಆಮ್ಲಜನಕ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳ ವಯಸ್ಸು ಸುಮಾರು 8.5ರಿಂದ 9 ಕೋಟಿ. ಮಡಗಾಸ್ಕರಿನ ಲಾವಾ ಶಿಲೆಗಳದೂ ಅಷ್ಟೇ. ಅರಬ್ಬೀ ಕಡಲ ಆಚೆಯ ಆ ದೊಡ್ಡ ದ್ವೀಪ ಕರಾವಳಿಯನ್ನು ಬಿಟ್ಟುಹೋದ ಹೊತ್ತಿನ ಗುರುತು ಇದು.

ಯುಗಗಳ ಗಡಿಗಳನ್ನು ಇಂದು ಅಂತಾರಾಷ್ಟ್ರೀಯ ಸ್ತರವಿಜ್ಞಾನ ಆಯೋಗ ಗೊತ್ತುಮಾಡುತ್ತದೆ. ಪ್ರತಿ ಗಡಿಗೂ ಭೂಮಿಯ ಮೇಲಿನ ಒಂದು ನಿರ್ದಿಷ್ಟ ಜಾಗ, ನಿರ್ದಿಷ್ಟ ಪದರ. ಚಿನ್ನದ ಮೊಳೆ ಎಂದು ಅದನ್ನು ಕರೆಯುತ್ತಾರೆ. ಮೊದಲನೆಯದನ್ನು 1972ರಲ್ಲಿ ಈಗಿನ ಚೆಕ್ ದೇಶದ ಕ್ಲೋಂಕ್‌ನಲ್ಲಿ ನಿಗದಿಪಡಿಸಿದರು. ಭಾರತಕ್ಕೂ ಒಂದು ಸಂದಿದೆ. ಈಗ ನಡೆಯುತ್ತಿರುವ ಕಾಲಖಂಡದ ಅಧಿಕೃತ ಹೆಸರು ಮೇಘಾಲಯನ್, 2018ರಿಂದ. ಸುಮಾರು 4,200 ವರ್ಷಗಳ ಹಿಂದಿನ ಬರಗಾಲದ ಗುರುತು ಮೇಘಾಲಯದ ಮಾವ್ಮ್ಲುಹ್ ಗುಹೆಯ ಸುಣ್ಣದ ಕಂಬದಲ್ಲಿ ಸಿಕ್ಕಿತು, ಗಡಿ ಅಲ್ಲಿಗೆ ಬಿತ್ತು. ಮನುಷ್ಯನ ಹೆಸರಿನಲ್ಲಿ ಆಂಥ್ರೊಪೊಸೀನ್ ಎಂಬ ಹೊಸ ಯುಗ ಸೇರಿಸುವ ಪ್ರಸ್ತಾವ 2024ರಲ್ಲಿ ಬಿದ್ದುಹೋಯಿತು.

ಈಚಿನ ವಾದ ದಖನ್ ಲಾವಾದ್ದು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳ ಕಪ್ಪು ಕಲ್ಲು ಅದರ ದಕ್ಷಿಣದ ಅಂಚು. ಒಟ್ಟು ಹರವು ಸುಮಾರು 5 ಲಕ್ಷ ಚದರ ಕಿಲೊಮೀಟರ್. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಆ ಗಡಿಯ ಪದರದಲ್ಲಿ ಇರಿಡಿಯಂ ಹೆಚ್ಚಿರುವುದನ್ನು 1980ರಲ್ಲಿ ಆಲ್ವರೆಜ್ ತಂದೆ-ಮಗ ಮತ್ತು ಸಂಗಡಿಗರು ತೋರಿಸಿ ಬಾಹ್ಯಾಕಾಶದಿಂದ ಬಿದ್ದ ಕಾಯವೇ ಕಾರಣ ಎಂದರು. ಬಿದ್ದ ಕುಳಿ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಸಿಕ್ಕಿತು. ದಖನ್ ಲಾವಾ ಉಕ್ಕುತ್ತಿದ್ದದ್ದೂ ಅದೇ ಕಾಲದಲ್ಲಿ. 2019ರಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ತಂಡಗಳು ಸಹ್ಯಾದ್ರಿಯ ಲಾವಾ ಪದರಗಳ ವಯಸ್ಸನ್ನು ಪ್ರಕಟಿಸಿದವು. ಬ್ಲೇರ್ ಶೋನ್ ತಂಡ ಎರಡು ಲಾವಾ ಹಾಸುಗಳ ನಡುವಿನ ಕೆಂಪು ಮಣ್ಣಿನ ತೆಳು ಪದರಗಳಿಂದ ಜಿರ್ಕಾನ್ ಆರಿಸಿ ಅಳೆಯಿತು. ನಾಲ್ಕು ಅಬ್ಬರಗಳಲ್ಲಿ ಲಾವಾ ಉಕ್ಕಿತು, ಅವುಗಳಲ್ಲೊಂದು ದೊಡ್ಡದು ಆ ಹೊಡೆತಕ್ಕೆ ತುಸು ಮೊದಲು ಎಂದಿತು. ಕೋರ್ಟ್ನಿ ಸ್ಪ್ರೇನ್ ತಂಡ ಲಾವಾವನ್ನೇ ಆರ್ಗಾನ್ ವಿಧಾನದಲ್ಲಿ ಅಳೆಯಿತು. ಲಾವಾ ಹೆಚ್ಚುಕಡಿಮೆ ಬಿಡುವಿಲ್ಲದೆ ಹರಿಯಿತು, ಬಹುಪಾಲು ಬಂದದ್ದು ಹೊಡೆತದ ನಂತರ ಎಂದಿತು. 6.6 ಕೋಟಿಯಲ್ಲಿ ಎರಡೂ ತಂಡಗಳ ಅಂತರ ಕೆಲವು ಹತ್ತು ಸಾವಿರ ವರ್ಷಗಳಷ್ಟೇ. ಯಾವುದು ಮೊದಲು ಎಂಬುದಕ್ಕೆ ಅಷ್ಟು ನಿಖರತೆಯೂ ಸಾಕಾಗಲಿಲ್ಲ. ಎರಡು ವಿಧಾನಗಳನ್ನೂ ಒಂದೇ ಹಾಸಿನ ಮೇಲೆ ಹಚ್ಚಿ ನೋಡುವ ಕೆಲಸ ಮುಂದುವರಿದಿದೆ.